ಬಲಗಡೆಯ ಮನೆ

"ಇನ್ನೊಂದು ಸಲ ಮೀಟಪ್ಪ," ಎಂದಳು ಟೆಟ್ಯೆ.

ಡೆರ್ಕ್ ಹಾರೆಯ ತುದಿಯನ್ನು ಬಾಗಿಲಿಗೂ ಚೌಕಟ್ಟಿಗೂ ನಡುವೆ ತೂರಿಸಿ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟ. ಬಾಗಿಲು ಒಮ್ಮೆ ಮುಲುಗಿತು. ಮೇಲಿನ ಗೋಡೆಯಿಂದ ಒಂದು ಹಿಡಿ ಗಾರೆ ಉದುರಿ ಅವನ ಕಪ್ಪು ಕೋಟಿನ ಹೆಗಲ ಮೇಲೆ ಕೂತಿತು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

"ಹಿತ್ತಿಲ ಬಾಗಿಲಲ್ಲಿ ತಗೊಂಡು ಹೋಗೋಣ ಅತ್ತೆ," ಎಂದಳು ಹಿಲ್ಯೆ. "ಅಪ್ಪ ಏನೂ ಅಂದ್ಕೊಳ್ಳಲ್ಲ."

"ಕಸದ ಡಬ್ಬಿ ಹೋಗೋ ಬಾಗಿಲಲ್ಲಿ ನಮ್ಮಣ್ಣ ಹೋಗಲ್ಲ. ಮೀಟು ಡೆರ್ಕ್. ಬೆಳಿಗ್ಗೆ ಏನೂ ತಿಂದಿಲ್ವಾ ನೀನು?"

ಡೆರ್ಕ್ ಊರಿನ ಬಡಗಿ. ಸತ್ತವರನ್ನು ಮಣ್ಣು ಮಾಡಿಸುವ ಕೆಲಸವೂ ಅವನದೇ. ಸಮುದ್ರದಂಚಿನ ಈ ಊರು ಟಮ್ಮೆವಿರ್ಡೆಯಲ್ಲಿ ಮನೆಯ ಎದುರು ಬಾಗಿಲು ತೆರೆಯುವುದು ಇಬ್ಬರಿಗೆ ಮಾತ್ರ: ಮದುವಣಗಿತ್ತಿಗೆ, ಇಲ್ಲವೆ ಹೆಣಕ್ಕೆ. ಉಳಿದಂತೆ ಮಕ್ಕಳು, ನಾಯಿ, ಅಂಚೆಯವನು, ಕೊನೆಗೆ ಪಾದ್ರಿ ಕೂಡ ಹಿತ್ತಿಲಿಂದಲೇ ಬರಬೇಕು. ಈ ಬಾಗಿಲು ಹಿಂದಿನ ಸಲ ತೆರೆದದ್ದು ಹದಿನಾರು ವರ್ಷದ ಕೆಳಗೆ, ಹಿಲ್ಯೆಯ ತಾಯಿಗಾಗಿ. ಆಗ ಒಂದು ಬೆರಳು ಸಾಕಾಗಿತ್ತು. ಆಮೇಲೆ, ಕೆಳಗಿನ ಗ್ಯಾಸ್ ತೆಗೆದದ್ದಕ್ಕೆ, ನೆಲ ನಡುಗಲು ಶುರುವಾಯಿತು, ಮನೆ ಒಂದು ಮಗ್ಗುಲಿಗೆ ವಾಲಿತು, ಚೌಕಟ್ಟು ಚೌಕವಾಗಿ ಉಳಿಯಲಿಲ್ಲ. ಈಗ ಕೋಣೆಯ ಗೋಡೆಯಲ್ಲಿ ಏಳು ಬಿರುಕು, ಬಿರುಕು ಬೆಳೆದರೆ ತಿಳಿಯಲೆಂದು ಒಂದೊಂದಕ್ಕೂ ತಪಾಸಣೆಯವರು ಅಂಟಿಸಿಹೋದ ಗಾಜಿನ ಅಳತೆಪಟ್ಟಿ. ಅವುಗಳ ನಡುವೆ, ಎರಡು ಮರದ ಆಸರೆಗಳ ಮೇಲಿಟ್ಟ ಶವಪೆಟ್ಟಿಗೆಯಲ್ಲಿ, ಎಂಬತ್ತೈದು ವರ್ಷದ ಎಪ್ಪೊ ನೂರ್ಡ್‌ಹೋಫ್ ಮಲಗಿದ್ದ.

"ಬಾಗಿಲು ಬಂದ್ರೂ ಆ ದಾರಿಯಲ್ಲಿ ಹೇಗೆ ನಡೀತೀರೋ ನಾನು ಕಾಣೆ," ಎಂದ ಡೆರ್ಕ್, ಕಿಟಕಿಯಾಚೆ ನೋಡುತ್ತ. "ಚಪ್ಪಟೆಯಾಗಿದ್ದ ಕಲ್ಲುಗಳನ್ನೆಲ್ಲ ನಿಮ್ಮಪ್ಪ ಯಾಕೆ ಮಗುಚಿ ಹಾಕಿದ್ರು? ಒಂದೊಂದೂ ಮೊಣಕಾಲಿನ ಹಾಗೆ ಎದ್ದು ಕೂತಿದೆ. ಹಲಗೆ ಹಾಸಲಾ?"

"ಬೇಡ," ಎಂದಳು ಹಿಲ್ಯೆ. ಅದು ಅವಳೆಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು.

ಡೆರ್ಕ್ ಬೆವರೊರೆಸಿಕೊಂಡು ಗಡಿಯಾರ ನೋಡಿದ. "ಹನ್ನೊಂದಕ್ಕೆ ಚರ್ಚು. ಈಗ ಹತ್ತೂಕಾಲು. ಅಡುಗೆಮನೆಯಲ್ಲಿ ಐದು ಜನ ಕೂತಿದ್ದಾರೆ, ಹಿಲ್ಯೆ. ಐದು ಜನ ಹೊರೋಕಾಗಲ್ಲ. ಕಾರು ತರ್ತೀನಿ ಅಂದ್ರೆ ನೀನು ಬೇಡ ಅಂತೀಯ."

"ಇನ್ನೂ ಸ್ವಲ್ಪ ಹೊತ್ತು ನೋಡೋಣ."

ಯಾರ ದಾರಿ ನೋಡುತ್ತಿದ್ದಾರೆಂದು ಮೂವರಿಗೂ ಗೊತ್ತಿತ್ತು. ಎದುರು ಬಾಗಿಲಲ್ಲಿ ನಿಂತರೆ ಬಲಗಡೆ ಸಿಗುವ ಮನೆಯವನೇ ಹತ್ತಿರದ ನೆರೆಯವನು. ಸಾವನ್ನು ಮನೆಮನೆಗೆ ಸಾರುವವನು, ಗಂಟೆ ಹೊಡೆಯುವವನು, ಪೆಟ್ಟಿಗೆಯ ತಲೆಭಾಗ ಹಿಡಿಯುವವನು ಅವನೇ. ಜಗಳವಿರಲಿ, ಮಾತು ಬಿಟ್ಟಿರಲಿ, ಬರಲೇಬೇಕು. ಏಕೆಂದರೆ ಆ ಹೊಣೆ ಮನುಷ್ಯನದಲ್ಲ, ಮನೆಯದು. ಮನೆ ಮಾರಿದರೆ ಕೊಂಡವನ ಹೆಗಲಿಗೆ ಹೋಗುತ್ತದೆ. ಆದರೆ ಮನೆಯೇ ಇಲ್ಲವಾದರೆ ಏನು ಮಾಡಬೇಕೆಂದು ಹಿರಿಯರು ಹೇಳಿಹೋಗಿರಲಿಲ್ಲ. ಅಂಥದ್ದೊಂದು ಬರುತ್ತದೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ಎಪ್ಪೊನ ಬಲಗಡೆಗಿದ್ದದ್ದು ವುಬ್ಬೆ ಟೊಕ್ಸೊಪೆಯಸ್‌ನ ತೋಟದ ಮನೆ. ನಾಲ್ಕು ವರ್ಷದ ಹಿಂದೆ ಅದನ್ನು ಕೆಡವಿದರು. ಈಗ ಅಲ್ಲಿ ಉಳಿದದ್ದು ಕಬ್ಬಿಣದ ಗೇಟು, ಒಂದು ಪೇರು ಮರ, ಮತ್ತು ಹುಲ್ಲು.

ಸಾವನ್ನು ಸಾರಲು ಯಾರೂ ಇರಲಿಲ್ಲವಾಗಿ ಹಿಲ್ಯೆಯೇ ಮೂರು ದಿನದ ಹಿಂದೆ ಪಟ್ಟಣಕ್ಕೆ ಹೋಗಿ ವುಬ್ಬೆ ಈಗಿರುವ ಮೂರನೇ ಮಹಡಿಯ ಮನೆಯ ಬಾಗಿಲು ತಟ್ಟಿದ್ದಳು. ಅವನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡ, ತಲೆಯಾಡಿಸಿದ, ಬಾಗಿಲು ಹಾಕಿಕೊಂಡ.

ಅಡುಗೆಮನೆಯಿಂದ ಮಾತು ಕೇಳಿಸುತ್ತಿತ್ತು. ಕಾಫಿ, ಒಣದ್ರಾಕ್ಷಿ ಹಾಕಿದ ಬ್ರೆಡ್ಡು, ಒದ್ದೆ ಕೋಟಿನ ವಾಸನೆ.

"ವುಬ್ಬೆ ಬರಲ್ಲ. ಯಾಕೆ ಬರಬೇಕು?" ಅದು ಹಾಲಿನ ಡೈರಿಯ ಫೊಕ್ಕೊನ ದನಿ. "ಎಪ್ಪೊ ಮೂವತ್ತಾರು ವರ್ಷ ಗ್ಯಾಸ್ ಕಂಪನಿಯ ಉಪ್ಪು ತಿಂದೋನು. ಒಳ್ಳೆಯೋನೇ, ಇಲ್ಲ ಅನ್ನಲ್ಲ. ಆದ್ರೆ ನಮ್ಮ ಗೋಡೆ ಬಿರಿದಾಗ ಒಂದು ಮಾತಾಡಿದ್ನಾ?"

"ಅವನೇನು ಮಾಡ್ತಾನೆ ಪಾಪ. ದೇಶದ ಪಶ್ಚಿಮದ ಕಡೆಯವರು ತಾನೆ ಲೆಕ್ಕ ಹಾಕಿದ್ದು. ಎಣ್ಣೆ ದರ ಏರಿದಾಗೆಲ್ಲ ಗ್ಯಾಸಿನ ದರಾನೂ ಏರಿತು. ಗಾಳಿ ಬಂದಾಗ ತೂರಿಕೋ ಅಂತ ಕೊಳಾಯಿ ಪೂರ್ತಿ ತಿರುಗಿಸಿದ್ರು. ಅವರಿಗೆ ರಸ್ತೆ ಬಂತು, ಸೇತುವೆ ಬಂತು, ಚಳಿಗಾಲ ಬೆಚ್ಚಗಾಯ್ತು."

"ನಮಗೂ ಬಂತಲ್ಲ. ಗಾಜಿನ ಪಟ್ಟಿ."

ನಗು ಎದ್ದು, ಹೆಣವಿರುವ ಮನೆಯೆಂದು ನೆನಪಾಗಿ, ಅಲ್ಲೇ ಇಳಿಯಿತು.

"ಈಗ ಕೊಳಾಯಿ ಮುಚ್ಚಿದ್ದಾರಲ್ಲ," ಎಂದಿತು ಇನ್ನೊಂದು ದನಿ. "ವರ್ಷವಾಗ್ತಾ ಬಂತು."

"ಕೊಳಾಯಿ ಮುಚ್ಚಿದ್ದು ಕೆಳಗಿನ ಕಲ್ಲಿಗೆ ಯಾರು ಹೇಳಿದ್ದಾರೆ?" ಎಂದ ಫೊಕ್ಕೊ. "ಮೊನ್ನೆ ಮಂಗಳವಾರ ನೆಲ ಗುದ್ದಲಿಲ್ವಾ?"

ಹಿಲ್ಯೆ ಕಿಟಕಿಗೆ ಹಣೆ ಒತ್ತಿ ನಿಂತಳು. ಅಪ್ಪ ಸಾಯುವ ಮುಂಚೆ ಎರಡು ಮಾತು ಹೇಳಿದ್ದ. ಮೊದಲನೆಯದು ಟೆಟ್ಯೆಗೂ ಗೊತ್ತು: ವುಬ್ಬೆ ತಲೆಭಾಗ ಹಿಡಿಯದಿದ್ದರೆ ಯಾರೂ ಹೊರುವುದು ಬೇಡ, ಕಾರಿನಲ್ಲಿ ಹಾಕಿ ಕಳಿಸಿಬಿಡಿ. ಎರಡನೆಯದು ಅವಳಿಗೊಬ್ಬಳಿಗೇ ಗೊತ್ತಿದ್ದದ್ದು: ಅವನು ಹೊರುವ ಮುಂಚೆ ಅವನಿಗೆ ಆ ದಾರಿಯ ವಿಷಯ ಹೇಳು.

ಮೊದಲನೆಯದು ನಡೆಯಬೇಕಾದರೆ ಎರಡನೆಯದನ್ನು ನುಂಗಿಕೊಳ್ಳಬೇಕು. ಎರಡನ್ನೂ ಒಟ್ಟಿಗೆ ಕೇಳಿದ ಅಪ್ಪನ ಮೇಲೆ ಅವಳಿಗೆ ಸಿಟ್ಟು ಬಂತು. ಸತ್ತವರ ಮೇಲೆ ಬರುವ ಸಿಟ್ಟಿಗೆ ಹೋಗಲು ದಾರಿಯಿಲ್ಲ.

*

ಆಗ ಹಿಲ್ಯೆಗೆ ಏಳು ವರ್ಷ. ಅಪ್ಪ ಯಾರನ್ನೋ ಮಣ್ಣು ಮಾಡಿ ಬಂದು, ಕಪ್ಪು ಕೋಟನ್ನೂ ಬಿಚ್ಚದೆ ಅಡುಗೆಮನೆಯ ಮೇಜಿನೆದುರು ಕೂತಿದ್ದ. ಮೇಜಿನ ಮೇಲೊಂದು ಕಲ್ಲು. ಉದ್ದಕ್ಕೆ ಸೀಳಿದ ಸೌದೆಯ ಹಾಗೆ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ದುಂಡು. ಬಣ್ಣ ಒಣಗಿದ ಇಟ್ಟಿಗೆಯದು.

"ಇದು ಮೂರು ಕಿಲೋಮೀಟರ್ ಕೆಳಗಿಂದ ಬಂದದ್ದು ಪುಟ್ಟಿ. ನಮ್ಮ ಮನೆ ಕೆಳಗಿಂದ. ಇಪ್ಪತ್ತಾರು ಕೋಟಿ ವರ್ಷದ ಹಿಂದೆ ಇಲ್ಲಿ ಮರುಭೂಮಿ ಇತ್ತು. ಮರಳು ಗುಡ್ಡೆಗುಡ್ಡೆಯಾಗಿ ಬಿದ್ದಿತ್ತು. ಅದೇ ಇದು." ಚಮಚದಿಂದ ಒಂದು ಹನಿ ನೀರನ್ನು ಅದರ ಮೇಲೆ ಬಿಟ್ಟ. ಹನಿ ಒಂದು ಗಳಿಗೆ ನಿಂತು, ಕಣ್ಣೆದುರಿಗೇ ಇಲ್ಲವಾಯಿತು. "ಎಲ್ಲಿ ಹೋಯ್ತು?"

"ಕಲ್ಲು ಕುಡೀತು," ಎಂದಳು ಹಿಲ್ಯೆ.

"ಭೇಷ್. ಆ ನೀರು ಕೂತ ಜಾಗದಲ್ಲೇ ಗ್ಯಾಸು ಕೂತಿರತ್ತೆ. ಮರಳಿನ ಕಾಳು ಕಾಳಿನ ನಡುವೆ. ಜನ ತಿಳ್ಕೊಂಡಿದ್ದಾರೆ ಕೆಳಗೆ ದೊಡ್ಡ ಗುಹೆ ಇದೆ ಅಂತ. ಗುಹೆ ಇಲ್ಲ ಏನಿಲ್ಲ. ಮೇಲಿಂದ ಉಪ್ಪಿನ ಪದರ ಮುಚ್ಚಳ ಹಾಕಿದೆ. ಅದನ್ನ ತೂತು ಮಾಡಿದ್ರೆ ತಾನಾಗೇ ಬರತ್ತೆ, ಪಂಪು ಬೇಡ, ಬೆಂಕಿ ಬೇಡ. ಲೋಕದಲ್ಲಿ ಇಷ್ಟು ಸಲೀಸಾಗಿ ಕೊಡೋ ಕಲ್ಲು ಇನ್ನೊಂದಿಲ್ಲ." ಅವನ ದನಿಯಲ್ಲಿ ತಾನೇ ಅದನ್ನು ಮಾಡಿಟ್ಟವನಂತೆ ಹೆಮ್ಮೆ.

ಹಿತ್ತಿಲ ಬಾಗಿಲಿಂದ ವುಬ್ಬೆ ಬಂದ. ಆಗಿನ್ನೂ ಇಪ್ಪತ್ತೇಳರ ಹುಡುಗ, ಮಾರ್ತ್ಯೆಯನ್ನು ಮದುವೆಯಾಗಿ ಒಂದು ವರ್ಷ. ಅವನೂ ಅದೇ ಹೆಣ ಹೊತ್ತು ಬಂದಿದ್ದ. ಹೊಸ ಕೊಟ್ಟಿಗೆಯನ್ನು ಇಟ್ಟಿಗೆಯಲ್ಲಿ ಕಟ್ಟಬೇಕೆಂದಿದ್ದ, ಗ್ಯಾಸ್ ತೆಗೆದರೆ ನೆಲ ಇಳಿಯುತ್ತದಂತೆ ಎಂದು ಯಾರೋ ಹೇಳಿದ್ದರು.

"ಇಳಿಯತ್ತೆ," ಎಂದ ಎಪ್ಪೊ. "ಅದನ್ನ ಅಳೆಯೋದೇ ನನ್ನ ಕೆಲಸ. ಈಗ ಹೆಣ ಹೊತ್ತು ಬಂದ್ವಲ್ಲ, ಆರು ಜನ. ಅದರಲ್ಲಿ ನಾಲ್ಕು ಜನ ಕಲ್ಲು, ಇಬ್ಬರು ಗ್ಯಾಸು ಅಂದ್ಕೋ. ಗ್ಯಾಸ್ ಹೊರಟುಹೋದ್ರೆ ಭಾರ ನಾಲ್ಕು ಜನರ ಮೇಲೆ ಬೀಳತ್ತೆ. ಮೊಣಕಾಲು ಸ್ವಲ್ಪ ಬಗ್ಗತ್ತೆ. ಆದ್ರೆ ಎಲ್ಲರದೂ ಒಟ್ಟಿಗೆ ಬಗ್ಗತ್ತೆ. ನಿನ್ನ ಕೊಟ್ಟಿಗೆ, ನನ್ನ ಮನೆ, ಚರ್ಚು, ಕಾಲುವೆ, ಎಲ್ಲಾ ಒಟ್ಟಿಗೆ. ಇಡೀ ಹಡಗೇ ಒಂದು ಗೇಣು ಇಳಿದ್ರೆ ಒಳಗಿರೋನಿಗೆ ಗೊತ್ತಾಗತ್ತಾ?"

ವುಬ್ಬೆ ಯೋಚಿಸಿದ. "ನಾಲ್ವರಲ್ಲಿ ಒಬ್ಬನ ಕಾಲು ಮೊದಲೇ ಮುರಿದಿದ್ರೆ?"

ಎಪ್ಪೊ ನಕ್ಕುಬಿಟ್ಟ. "ಕಾಲು ಮುರಿದೋನನ್ನ ಹೆಣ ಹೊರೋಕೆ ಯಾರಾದ್ರೂ ಕರೀತಾರೇನೋ?"

ಆ ವರ್ಷವೇ ಕೊಟ್ಟಿಗೆ ಎದ್ದಿತು. ಅದೇ ಬೇಸಿಗೆಯಲ್ಲಿ ಎಪ್ಪೊ ಸೈಕಲ್ಲಿನ ಬುಟ್ಟಿಯಲ್ಲಿ ಕೆಲಸದ ಜಾಗದಿಂದ ಬೇಡದ ಕಲ್ಲುಗಳನ್ನು ದಿನಕ್ಕೆ ಎರಡರಂತೆ ತಂದು, ಎದುರು ಬಾಗಿಲಿಂದ ರಸ್ತೆಯವರೆಗೆ ಚಪ್ಪಟೆ ಮುಖ ಮೇಲಾಗಿ ಹಾಸಿದ. ಹೇಗೂ ಯಾರೂ ನಡೆಯದ ದಾರಿ. ವುಬ್ಬೆಯೇ ಮರಳು ಹೊತ್ತು ತಂದು ಸಂದು ತುಂಬಿದ.

*

"ಊರಿಗೆ ಬಂದೋನು ನೀರಿಗೆ ಬರದೆ ಇರ್ತಾನಾ," ಎಂದಳು ಟೆಟ್ಯೆ ಮೆಲ್ಲಗೆ. "ನೋಡು ಅಲ್ಲಿ."

ರಸ್ತೆಯಂಚಿನಲ್ಲಿ ಒಂದು ಸಣ್ಣ ಬಿಳಿ ಕಾರು ನಿಂತಿತ್ತು. ವುಬ್ಬೆ ಕಪ್ಪು ಕೋಟು, ಕಪ್ಪು ಟೋಪಿ ಹಾಕಿಕೊಂಡು ಅದರಿಂದ ಇಳಿದ. ಇತ್ತ ಬರಲಿಲ್ಲ. ತನ್ನ ಗೇಟಿಗೆ ಹೋಗಿ, ಚಿಲಕ ತೆಗೆದು, ಒಳಗೆ ನಡೆದ. ಬಯಲಿನ ನಡುವೆ, ಅವನ ಹಿತ್ತಿಲ ಬಾಗಿಲಿದ್ದ ಕಡೆ, ಎರಡು ನಿಮಿಷ ನಿಂತ. ಆಮೇಲೆ ತಿರುಗಿ, ಇಲ್ಲದ ಮೆಟ್ಟಿಲೊಂದನ್ನು ಇಳಿದವನಂತೆ ಹೆಜ್ಜೆ ತಗ್ಗಿಸಿ, ಇಲ್ಲದ ಕೊಟ್ಟಿಗೆಯನ್ನು ಬಳಸಿಕೊಂಡು ಗೇಟಿಗೆ ಬಂದ. ಬೂಟಿನ ಕೆಸರನ್ನು ಹುಲ್ಲಿಗೆ ಒರೆಸಿದ. ಗೇಟು ಹಾಕಿದ.

ಪಟ್ಟಣದಿಂದ ಬಂದ ಮುದುಕ ಈ ಮನೆಗೆ ಬರುವಂತಿರಲಿಲ್ಲ. ಬಲಗಡೆಯ ಮನೆಯಿಂದ ಹೊರಟವನು ಮಾತ್ರ ಬರಬಹುದಿತ್ತು. ಹಿಲ್ಯೆಗೆ ಅರ್ಥವಾಯಿತು, ಕಣ್ಣು ತುಂಬಿತು. ಬಂದೇಬಿಟ್ಟನಲ್ಲ. ಇನ್ನು ಹೇಳಬೇಕು, ಇಲ್ಲವೇ ಹೇಳಬಾರದು.

ಅದೇ ಹೊತ್ತಿಗೆ ಡೆರ್ಕ್ ಮೇಲಿನ ತಿರುಗಣಿಯನ್ನು ಕಿತ್ತು, ಅಂಚನ್ನು ಕೀಸುಳಿಯಿಂದ ಹೆರೆದು, ಇನ್ನೊಮ್ಮೆ ಮೀಟಿದ. ಬಾಗಿಲು ಬಂದೂಕು ಹಾರಿದ ಸದ್ದಿನೊಂದಿಗೆ ಒಳಕ್ಕೆ ಬಂತು. ಅಡುಗೆಮನೆಯಲ್ಲಿ ಮಾತು ನಿಂತಿತು. ಐವರೂ ಕಪ್ಪನ್ನು ಬಸಿಯಿಂದ ಎತ್ತಿ ಕೈಯಲ್ಲಿ ಹಿಡಿದುಕೊಂಡಿದ್ದರು. ಈ ಊರಿನಲ್ಲಿ ಸದ್ದಾದರೆ ಮೊದಲು ಮಾಡುವ ಕೆಲಸ ಅದು.

"ಬಾಗಿಲು ಕಣ್ರೋ," ಎಂದು ಕೂಗಿದ ಡೆರ್ಕ್. ಕಪ್ಪುಗಳು ಒಂದೊಂದಾಗಿ ಕೆಳಗಿಳಿದವು.

"ತೆರೆದದ್ದೇನೋ ಸರಿ," ಎಂದಳು ಟೆಟ್ಯೆ, ಜೋಲಾಡುವ ಬಾಗಿಲನ್ನು ಮೇಲಿಂದ ಕೆಳಗೆ ನೋಡಿ. "ಹಾಕೋಕಾಗತ್ತಾ? ಪೆಟ್ಟಿಗೆ ರಸ್ತೆ ಮುಟ್ಟೋದ್ರೊಳಗೆ ಬಾಗಿಲು ಹಾಕಿರಬೇಕು. ಇಲ್ದಿದ್ರೆ ಹೋದೋನು ತಿರುಗಿ ನೋಡ್ತಾನೆ. ತಿರುಗಿ ನೋಡಿದ್ರೆ ಇನ್ನೊಬ್ಬರನ್ನ ಕರೀತಾನೆ. ನಮ್ಮಮ್ಮ ಸತ್ತಾಗ ಗಾಳಿಗೆ ಬಾಗಿಲು ತೆರ್ಕೊಳ್ತು. ಒಂಬತ್ತು ದಿನಕ್ಕೆ ನಮ್ಮ ಚಿಕ್ಕಪ್ಪ."

"ಸಂಜೆ ಬಂದು ಸರಿ ಮಾಡ್ತೀನಿ ಟೆಟ್ಯಕ್ಕ."

"ಸಂಜೆ ತನಕ ಅವನು ಕಾಯ್ತಾನಾ?"

*

ಹದಿಮೂರು ವರ್ಷದ ಹಿಂದೆ, ಒಂದು ಬೇಸಿಗೆಯಲ್ಲಿ, ನೆಲದೊಳಗಿಂದ ಮೊದಲ ದೊಡ್ಡ ಗುದ್ದು ಬಂತು. ಮರುದಿನ ಬೆಳಿಗ್ಗೆ ವುಬ್ಬೆ ಹಿತ್ತಿಲ ಬಾಗಿಲಲ್ಲಿ ಬಂದು ನಿಂತ. ಕೊಟ್ಟಿಗೆಯ ಗೋಡೆ ತೋಳು ತೂರುವಷ್ಟು ಸೀಳಿತ್ತು.

"ಒಟ್ಟಿಗೆ ಬಗ್ಗತ್ತೆ ಅಂದಿದ್ದೆಯಲ್ಲೋ ಎಪ್ಪೊ."

"ಅಳತೆ ಹಾಗೇ ಹೇಳಿತ್ತು."

"ಯಾವುದನ್ನ ಅಳೆದ್ರಿ?"

"ಕಲ್ಲನ್ನ," ಎಂದ ಅಪ್ಪ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಹಿಲ್ಯೆ ಅಲ್ಲೇ ಇದ್ದಳು. ಅವಳು ನೀರು ನಿರ್ವಹಣಾ ಮಂಡಳಿಯ ಪಂಪುಮನೆಯಲ್ಲಿ ಕೆಲಸ ಮಾಡುತ್ತಿದ್ದವಳು, ನೆಲ ಇಳಿದಷ್ಟೂ ನೀರು ಎತ್ತುವುದು ಅವಳ ಕೆಲಸ. ಅಪ್ಪ ಸುಳ್ಳು ಹೇಳಿದನೆಂದು ಅವಳಿಗೆ ಅನ್ನಿಸಲಿಲ್ಲ. ಏನನ್ನೋ ಹೇಳದೆ ಬಿಟ್ಟನೆಂದು ಅನ್ನಿಸಿತು.

ಆಮೇಲೆ ಗುದ್ದಿನ ಮೇಲೆ ಗುದ್ದು. ವುಬ್ಬೆಯ ಮನೆಗೆ ಮರದ ಆನಿಕೆ ಕೊಟ್ಟರು, ಚರ್ಚಿನ ಗೋಪುರಕ್ಕೂ ಕೊಟ್ಟು ಗಂಟೆಯನ್ನು ಹಗ್ಗದಿಂದ ಕಟ್ಟಿದರು. ಕೊನೆಗೆ ಮನೆ ನಿಲ್ಲುವುದಿಲ್ಲವೆಂದು ಕೆಡವಿ, ಗಂಡ ಹೆಂಡತಿಯನ್ನು ಊರಾಚೆಯ ತಗಡಿನ ಪೆಟ್ಟಿಗೆಮನೆಗೆ ಕಳಿಸಿದರು. ಒಂದೇ ಚಳಿಗಾಲ. ಹೊಸ ಮನೆ ಯಾವಾಗ, ಒಲೆ ಎಲ್ಲಿಡುತ್ತಾರೆ ಎಂದು ಕೇಳುತ್ತಲೇ ಮಾರ್ತ್ಯೆ ಅಲ್ಲಿ ತೀರಿಕೊಂಡಳು. ಎಪ್ಪೊ ಕಪ್ಪು ಕೋಟು ಹಾಕಿಕೊಂಡು, ಹೊರಲು ಹೋದ. ವುಬ್ಬೆ ತಗಡಿನ ಬಾಗಿಲಲ್ಲಿ ಅಡ್ಡ ನಿಂತು, "ನನಗೀಗ ಎಡಗಡೆ ಬಲಗಡೆ ಯಾರೂ ಇಲ್ಲ," ಎಂದ. ಎಪ್ಪೊ ನಡೆದುಕೊಂಡೇ ಮನೆಗೆ ಬಂದು, ಆ ಕೋಟಿನಲ್ಲೇ ರಾತ್ರಿಯವರೆಗೆ ಕೂತಿದ್ದ.

ಕಳೆದ ಶರತ್ಕಾಲದಲ್ಲಿ ಒಂದು ದಿನ ಹಿಲ್ಯೆ ಬಂದಾಗ ಅಪ್ಪ ಎದುರುಗಡೆಯ ದಾರಿಯಲ್ಲಿ ಮಂಡಿಯೂರಿ ಕಲ್ಲುಗಳನ್ನು ಒಂದೊಂದಾಗಿ ಕಿತ್ತು ಮಗುಚುತ್ತಿದ್ದ. ಉಗುರಲ್ಲಿ ಮಣ್ಣು, ರಕ್ತ.

"ಏನು ಮಾಡ್ತಿದ್ದೀಯಪ್ಪ?"

"ಓದೋಕೆ ಬರೋ ಹಾಗೆ ಮಾಡ್ತಿದ್ದೀನಿ."

ದುಂಡು ಬೆನ್ನಿನ ಮೇಲೆ ಉಕ್ಕಿನ ಸೂಜಿಯಲ್ಲಿ ಗೀರಿದ ಅಂಕಿಗಳಿದ್ದವು, ಎಷ್ಟು ಆಳದಿಂದ ಬಂದದ್ದೆಂದು. ಅಂಕಿಯ ಪಕ್ಕದಲ್ಲೇ, ಪ್ರತಿ ಕಲ್ಲಿನಲ್ಲೂ, ಓರೆಯಾಗಿ ಒಂದು ಬಿರುಕು. ಕೆಲವು ಆ ಬಿರುಕಿನಲ್ಲೇ ಎರಡಾಗಿದ್ದವು.

"ಎಷ್ಟು ಭಾರ ತಡೆಯತ್ತೆ ಅಂತ ಒತ್ತಿ ನೋಡೋಕೆ ಇಡೀ ಕಲ್ಲು ಬೇಕು ಹಿಲ್ಯೆ. ಬಿರುಕಿದ್ರೆ ಯಂತ್ರದಲ್ಲಿ ಕೂರಲ್ಲ, ಪುಡಿಯಾಗತ್ತೆ, ಅಳತೆ ಕೆಡತ್ತೆ. ಅದಕ್ಕೇ ಬಿರುಕಿದ್ದನ್ನ 'ಕೆಟ್ಟ ಮಾದರಿ' ಅಂತ ಬರೆದು ಬುಟ್ಟಿಗೆ ಹಾಕ್ತಿದ್ವಿ. ಎಲ್ಲರೂ ಹಾಗೇ ಮಾಡ್ತಿದ್ರು, ಅದು ಪದ್ಧತಿ. ಗಟ್ಟಿ ಇದ್ದ ಮೂವತ್ತನ್ನ ಅಳೆದು, ಎಲ್ಲಾ ಒಟ್ಟಿಗೆ ಬಗ್ಗತ್ತೆ ಅಂದೆ." ಅವನು ಕಲ್ಲೊಂದನ್ನು ಅಂಗಿಗೆ ಒರೆಸಿದ. "ಬುಟ್ಟಿಯಲ್ಲಿದ್ದದ್ದು ನೂರ ಹನ್ನೆರಡು. ನೆಲ ಎಲ್ಲಿ ಮುರಿಯತ್ತೆ ಅಂತ ಹೇಳೋಕೆ ಬಂದಿದ್ದವು ಇವು. ತಂದು ಇಲ್ಲಿ ಬೋರಲು ಹಾಕಿದೆ. ವುಬ್ಬೆ ಮೊದಲ ದಿನಾನೇ ಕೇಳಿದ್ದ ಕಣೇ. ಮುರಿದ ಕಾಲಿನ ವಿಷಯ. ನಾನು ನಕ್ಕೆ."

*

ವುಬ್ಬೆ ಹಿತ್ತಿಲಿಗೆ ಬಳಸಿ ಹೋಗುವ ಮುಂಚೆಯೇ ಹಿಲ್ಯೆ ತೆರೆದ ಎದುರು ಬಾಗಿಲಿಂದ ಹೊರಗೆ ಬಂದಳು. ಹೆಣಕ್ಕಿಂತ ಮೊದಲು ಆ ಬಾಗಿಲು ದಾಟಬಾರದೆಂದು ಟೆಟ್ಯೆ ಹಿಂದಿನಿಂದ ಏನೋ ಅಂದಳು. ಸಮುದ್ರದ ಕಡೆಯಿಂದ ಗಾಳಿ, ಗಾಳಿಯಲ್ಲಿ ಹಿಮ ಬೆರೆತ ಮಳೆ.

"ಬಂದ್ರಲ್ಲ ವುಬ್ಬೆ ಮಾಮ."

"ಬಂದೆ." ಟೋಪಿ ತೆಗೆದ. ಎಂಬತ್ತೊಂದರ ಮುಖ ತೊಳೆದಿಟ್ಟ ಹಾಗಿತ್ತು. "ಕ್ಷಮಿಸೋಕೆ ಅಂತ ಬಂದಿಲ್ಲ ಹಿಲ್ಯೆ. ಬಲಗಡೆಯೋನು ಅಂತ ಬಂದೆ. ಹೊತ್ತು ಹೋಗ್ತೀನಿ."

ಇಷ್ಟಕ್ಕೇ ಬಿಡಬಹುದಿತ್ತು. 'ಒಳಗೆ ಬನ್ನಿ, ಕಾಫಿ ಕುಡಿಯಿರಿ' ಎಂದರೆ ಮುಗಿದಿತ್ತು. ಆರು ಜನ ಆಗಿದ್ದರು. ಅಪ್ಪ ಊರಿನ ಕಣ್ಣೆದುರು, ನೆರೆಯವರ ಕೈಮೇಲೆ, ಮನುಷ್ಯನಂತೆ ಹೋಗುತ್ತಿದ್ದ. ಹಿಲ್ಯೆ ಬಾಯಿ ತೆರೆದಳು, ಆ ಮಾತನ್ನೇ ಆಡಬೇಕೆಂದು ತೆರೆದಳು.

"ಒಳಗೆ ಬರೋ ಮುಂಚೆ ಒಂದು ಹೇಳಬೇಕು. ಈ ಕಲ್ಲುಗಳನ್ನ ನೋಡಿ," ಎಂದುಬಿಟ್ಟಳು.

ಹೇಳಿದಳು. ಇಡೀ ಕಲ್ಲು, ಒಡೆದ ಕಲ್ಲು, ಬುಟ್ಟಿ, ಮೂವತ್ತು, ನೂರ ಹನ್ನೆರಡು. ಹೇಳಿ ಮುಗಿಸಲು ಬಹಳ ಹೊತ್ತು ಬೇಕಾಗಲಿಲ್ಲ. ಐವತ್ತನಾಲ್ಕು ವರ್ಷ ಎರಡು ನಿಮಿಷದಲ್ಲಿ ಮುಗಿಯಿತು.

ವುಬ್ಬೆ ಕೆಳಗೆ ಬಗ್ಗಿ ಒಂದು ಕಲ್ಲಿನ ಮೇಲಿದ್ದ ನೀರನ್ನು ಹೆಬ್ಬೆರಳಿಂದ ಒರೆಸಿದ. "ಎರಡು ಸಾವಿರದ ಎಂಟುನೂರ ಅರವತ್ತನಾಲ್ಕು," ಎಂದು ಓದಿದ. ಮುಂದಿನದಕ್ಕೆ ಹೋದ. "ಎರಡು ಸಾವಿರದ ಎಂಟುನೂರ ಅರವತ್ತೇಳು." ಮತ್ತೊಂದು. ಶಾಲೆಯ ಹುಡುಗನಂತೆ ಓದುತ್ತ ರಸ್ತೆಯವರೆಗೆ ಹೋಗಿ ಬಂದ. ಬಾಗಿಲಲ್ಲಿ ಅಡುಗೆಮನೆಯ ಐವರೂ ಬಂದು ನಿಂತಿದ್ದರು.

"ನಿನ್ನ ಮದುವೆಯ ದಿನ ಮಾರ್ತ್ಯೆ ಈ ದಾರಿ ಗುಡಿಸಿ ಹೂವು ಹಾಕಿದ್ಲು," ಎಂದ ವುಬ್ಬೆ. "ಮರಳು ನಾನೇ ತುಂಬಿದ್ದೆ. ಚೆನ್ನಾಗಿ ಕೂತಿದೆ ಕಲ್ಲು ಅಂತ ಅವನಿಗೆ ಹೇಳಿದ್ದೆ."

ಅವನು ಹೆಬ್ಬೆರಳ ಮಣ್ಣನ್ನು ಕೋಟಿಗೆ ಒರೆಸಿಕೊಂಡ.

"ನಾಳೆ ಹೇಳಬಹುದಿತ್ತು ಇದನ್ನ."

"ನಾಳೆ ಹೇಳಿದ್ರೆ ಇವತ್ತು ನೀವು ಹೊತ್ತದ್ದು ಬೇರೆ ಯಾರನ್ನೋ ಆಗ್ತಿತ್ತು ಮಾಮ."

"ಅವನು ಯಾಕೆ ಬಂದು ಹೇಳಲಿಲ್ಲ?"

"ಬಂದಿದ್ದ. ಪಟ್ಟಣಕ್ಕೆ ಮೂರು ಸಲ ಬಸ್ಸಿನಲ್ಲಿ ಬಂದಿದ್ದ. ನಿಮ್ಮ ಕಟ್ಟಡದ ತನಕ."

"ಗೊತ್ತು," ಎಂದ ವುಬ್ಬೆ. "ಕಿಟಕಿಯಿಂದ ನೋಡ್ತಿದ್ದೆ. ಮೂರು ಸಲಾನೂ ನಾನೂ ಇಳಿಲಿಲ್ಲ."

ಮಳೆ ಕಲ್ಲುಗಳ ಮೇಲೆ ಬೀಳುತ್ತಿತ್ತು. ವುಬ್ಬೆ ಬೂಟಿನ ತುದಿಯಿಂದ ಒಂದು ಕಲ್ಲನ್ನು ಒದ್ದು ಸಡಿಲಿಸಿದ. ಅದು ಬಿರುಕಿನಲ್ಲಿ ಎರಡಾಗಿ ಎದ್ದು ಬಂತು. ಓರೆಯಾಗಿ ಮುರಿದ ಅರ್ಧವನ್ನು ಎತ್ತಿ, ಕೈಯಲ್ಲಿ ತೂಗಿ ನೋಡಿ, ಕೋಟಿನ ಜೇಬಿಗೆ ಹಾಕಿಕೊಂಡ. ಕೋಟು ಒಂದು ಪಕ್ಕಕ್ಕೆ ಜೋಲಿತು. ರಸ್ತೆಯ ಕಡೆ ತಿರುಗಿದ. ಹಿಲ್ಯೆ ಕಣ್ಣು ಮುಚ್ಚಿಕೊಂಡಳು.

ಕಣ್ಣು ತೆರೆದಾಗ ಅವನು ಡೆರ್ಕನಿಗೆ ಟೋಪಿ ಕೊಡುತ್ತಿದ್ದ. "ತಲೆಭಾಗ ಯಾವ ಕಡೆ ಇಟ್ಟಿದ್ದೀರಿ?" ಎಂದ.

ಹೊತ್ತರು. ವುಬ್ಬೆ ತಲೆಯ ಬಲಕ್ಕೆ, ಫೊಕ್ಕೊ ಎಡಕ್ಕೆ. ದಾರಿಯಲ್ಲಿ ಹಲಗೆ ಇರಲಿಲ್ಲ. ದುಂಡು ಕಲ್ಲಿನ ಮೇಲೆ ಆರು ಜೊತೆ ಬೂಟುಗಳು ಜಾರಿದವು, ತಡವರಿಸಿದವು, ಒಬ್ಬರ ಮೊಣಕಾಲು ಬಗ್ಗಿದರೆ ಉಳಿದವರು ತಡೆದರು. ಪೆಟ್ಟಿಗೆ ಆ ಕಡೆ ಈ ಕಡೆ ವಾಲುತ್ತ, ಒಂದೊಂದು ಕಲ್ಲನ್ನೂ ಎಣಿಸುತ್ತಿರುವಂತೆ ಹೋಯಿತು. ಕಲ್ಲು ಕಿತ್ತ ಗುಂಡಿಯ ಹತ್ತಿರ ವುಬ್ಬೆ ಎಚ್ಚರಿಸಿದ, "ಇಲ್ಲಿ ನೋಡ್ಕೊಂಡು." ಅಷ್ಟೇ ಅವನಾಡಿದ ಮಾತು.

"ನೀವು ನಡೀರಿ," ಎಂದಳು ಟೆಟ್ಯೆ ಹಿಂದಿನಿಂದ. "ಬಾಗಿಲು ಹಾಕಿ ಬರ್ತೀನಿ."

ಗಂಟೆ ಕಟ್ಟಿಹಾಕಿದ ಚರ್ಚಿನ ಸುತ್ತ ರೂಢಿಯಂತೆ ಮೂರು ಸುತ್ತು ನಡೆದರು. ಆನಿಕೆಯ ಮರಗಳು ದಾರಿಗೆ ಅಡ್ಡವಿದ್ದ ಕಡೆ ಬಗ್ಗಿ ನಡೆದರು. ಸಮಾಧಿಯ ಗುಂಡಿಯಲ್ಲಿ ಬೆಳಿಗ್ಗೆಯಿಂದ ಡೆರ್ಕನ ಪಂಪು ನೀರೆತ್ತುತ್ತಿತ್ತು. ಪಾದ್ರಿ ಮಾತನಾಡುವಾಗ ಅದನ್ನು ನಿಲ್ಲಿಸಿದರು, ನಿಲ್ಲಿಸಿದ ಕೂಡಲೇ ನೀರು ಮೂಲೆಗಳಿಂದ ಮೆಲ್ಲಗೆ ಬಂತು. ಹಿಲ್ಯೆ ಅದು ಎಷ್ಟು ಬೇಗ ಏರುತ್ತದೆಂದು ಅಂದಾಜು ಹಾಕುತ್ತಿದ್ದಳು, ಅವಳ ಕಸುಬೇ ಅದು. ಪಾದ್ರಿ ಏನು ಹೇಳಿದರೆಂದು ಅವಳಿಗೆ ನೆನಪುಳಿಯಲಿಲ್ಲ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ವುಬ್ಬೆ ಜೇಬಿಗೆ ಕೈ ಹಾಕಿದ, ಎಲ್ಲರೂ ನೋಡಿದರು. ಅವನು ಖಾಲಿ ಕೈ ಹೊರತೆಗೆದು, ಎಲ್ಲರಂತೆ ಮಣ್ಣನ್ನೇ ಹಾಕಿದ.

ಆಗ ಹಿಲ್ಯೆಗೆ ಟೆಟ್ಯೆ ಅಲ್ಲಿಲ್ಲವೆಂದು ಗೊತ್ತಾಯಿತು.

ಕಾಫಿಗೆ ಕಾಯದೆ ಅವಳು ಮನೆಗೆ ಓಡುವ ಹಾಗೆ ನಡೆದಳು. ವುಬ್ಬೆ, ಡೆರ್ಕ್, ಫೊಕ್ಕೊ ಹಿಂದೆಯೇ ಬಂದರು. ಹಿತ್ತಿಲಿಂದ ಒಳಹೊಕ್ಕು, ಅಡುಗೆಮನೆ ದಾಟಿ, ಎದುರು ಕೋಣೆಗೆ ಬಂದರು.

ಖಾಲಿ ಮರದ ಆಸರೆಗಳ ಆಚೆ ಟೆಟ್ಯೆ ನಿಂತಿದ್ದಳು. ಟೋಪಿ, ಕೈಗವಸು, ಚರ್ಚಿಗೆಂದು ತೆಗೆದಿಟ್ಟ ಪುಸ್ತಕ ಕಂಕುಳಲ್ಲಿ. ಬೆನ್ನನ್ನು ಬಾಗಿಲಿಗೆ ಕೊಟ್ಟು, ಎರಡೂ ಹಿಮ್ಮಡಿಯನ್ನು ನೆಲದ ಹಲಗೆಯ ಸಂದಿಗೆ ಊರಿದ್ದಳು. ಒಂದೂವರೆ ಗಂಟೆಯಿಂದ ಹಾಗೇ ನಿಂತಿದ್ದಳು. ಎಪ್ಪತ್ತೊಂಬತ್ತು ವರ್ಷದ ಕಾಲುಗಳು ನಡುಗುತ್ತಿದ್ದವು.

"ಬಾಗಿಲು ಕೂತ್ಕೊಳ್ತಿಲ್ಲ," ಎಂದಳು. "ಬಿಟ್ಟ ಕೂಡಲೇ ತೆರ್ಕೊಳತ್ತೆ. ಅವನು ರಸ್ತೆ ಮುಟ್ಟೋದ್ರೊಳಗೆ ಹಾಕಿಬಿಟ್ಟೆ. ಹಾಕಿದ ಮೇಲೆ ಬಿಡೋಕಾಗಲಿಲ್ಲ."

"ನಾನು ಹಿಡೀತೀನಿ ಅತ್ತೆ."

"ಬೇಡ. ನೀನು ಮಗಳು. ಕರೆಯೋದಾದ್ರೆ ಮೊದಲು ನಿನ್ನನ್ನೇ ಕರೀತಾನೆ." ಹಿಮ್ಮಡಿಯನ್ನು ಇನ್ನಷ್ಟು ಬಲವಾಗಿ ಊರಿದಳು. "ನಮ್ಮಣ್ಣ ಹೋಗೋದನ್ನ ನಾನು ನೋಡಲಿಲ್ಲ ಹಿಲ್ಯೆ."

ಮನೆಯ ಹೆಣ ಹೋದ ಮೇಲೆ ಬಾಗಿಲು ನೋಡಿಕೊಳ್ಳುವುದೂ ಬಲಗಡೆಯವನ ಕೆಲಸವೇ. ವುಬ್ಬೆ ಮಂಡಿಯೂರಿದ, ನಿಧಾನವಾಗಿ, ಒಂದೊಂದೇ ಕಾಲು. ಜೇಬಿನಿಂದ ಅರ್ಧ ಕಲ್ಲನ್ನು ತೆಗೆದ. ಓರೆಯಾಗಿ ಮುರಿದದ್ದರಿಂದ ಅದರ ಒಂದು ತುದಿ ತೆಳುವಾಗಿ, ಒಂದು ತುದಿ ದಪ್ಪವಾಗಿ, ಬಡಗಿ ಮಾಡಿಕೊಟ್ಟ ಬೆಣೆಯ ಹಾಗಿತ್ತು. ಅದನ್ನು ಬಾಗಿಲಿನ ಬುಡಕ್ಕೆ ಇಟ್ಟು, ಅಂಗೈಯಿಂದ ಎರಡೇಟು ಹೊಡೆದ. ಹೊಂದಿಕೊಂಡಿತು.

"ಬಿಡು ಟೆಟ್ಯೆ," ಎಂದ.

ಅವಳು ಬೆನ್ನು ತೆಗೆದಳು, ಕೈ ತೆಗೆಯಲಿಲ್ಲ. ಆಮೇಲೆ ಒಂದು ಕೈ ತೆಗೆದಳು. ಆಮೇಲೆ ಇನ್ನೊಂದು. ಬಾಗಿಲು ಹಾಗೇ ನಿಂತಿತು. ಹಿಲ್ಯೆ ಅವಳನ್ನು ಕುರ್ಚಿಗೆ ಕೂರಿಸಿದಳು. ಡೆರ್ಕ್ ಉಸಿರು ಬಿಟ್ಟ.

ಆಗ ಕೆಳಗೆ, ಬಹಳ ಕೆಳಗೆ, ತುಂಬಿದ ಗಾಡಿಯೊಂದು ಮರದ ಸೇತುವೆ ದಾಟಿದ ಸದ್ದು. ರಸ್ತೆಯಲ್ಲಿ ಗಾಡಿ ಇರಲಿಲ್ಲ. ಅಡುಗೆಮನೆಯಲ್ಲಿ ಯಾರೂ ಎತ್ತಿ ಹಿಡಿಯದ ಕಪ್ಪುಗಳು ಬಸಿಯ ಮೇಲೆ ಗಲಗಲಿಸಿದವು. ಗೋಡೆಯ ಗಾಜಿನ ಪಟ್ಟಿಯೊಂದು ಸಣ್ಣಗೆ ಟಿಕ್ ಎಂದಿತು. ಕೋಣೆಯಲ್ಲಿದ್ದ ಐವರೂ ಕಲ್ಲನ್ನೇ ನೋಡುತ್ತಿದ್ದರು. ಅದು ಬಾಗಿಲಿನ ಬುಡದಿಂದ ಒಂದು ಅಕ್ಕಿಕಾಳಿನಷ್ಟು ಹಿಂದಕ್ಕೆ ಸರಿಯಿತು.

ವುಬ್ಬೆ ಎದ್ದು ನಿಂತು, ಬೂಟಿನ ತುದಿಯನ್ನು ಅದರ ಹಿಂದೆ ಒತ್ತಿ ಇಟ್ಟ. ಕಾಲು ತೆಗೆಯಲಿಲ್ಲ.